ದೊಡ್ಡಮ್ಮ ಕಲಿಸದೆ ಬಿಟ್ಟ ಪದ

ನಮ್ಮ ದೊಡ್ಡಮ್ಮ ಪ್ರೈಮರಿ ಶಾಲೆಯಲ್ಲಿ ಭಾಷೆ ಕಲಿಸಿ ನಿವೃತ್ತಳಾದವಳು. ನಿವೃತ್ತಿ ಎನ್ನುವುದು ಇಲಾಖೆಯ ಕಾಗದಕ್ಕೆ ಸಂಬಂಧಪಟ್ಟ ವಿಷಯ, ತನಗಲ್ಲ ಎಂದು ಅವಳು ತಿಳಿದಿದ್ದಳು. ರಸ್ತೆಯಲ್ಲಿ ಹೊರಟರೆ ಅಂಗಡಿ ಬೋರ್ಡುಗಳನ್ನು ತಿದ್ದುತ್ತಲೇ ನಡೆಯುತ್ತಿದ್ದಳು. ಕ್ಷೌರದಂಗಡಿಯವನು ತನ್ನ ಬೋರ್ಡಿನಲ್ಲಿ ‘ಕೂದಲು ಕತರಿಸಲಾಗುವುದು’ ಎಂದು ಬರೆಸಿದ್ದ. ಒಂದು ಒತ್ತು ಬಿಟ್ಟದ್ದಕ್ಕೆ ದೊಡ್ಡಮ್ಮ ಒಳಗೇ ನುಗ್ಗಿ, ಮುಖಕ್ಕೆಲ್ಲ ಸೋಪು ಹಚ್ಚಿಸಿಕೊಂಡು ಕೂತಿದ್ದ ಗಿರಾಕಿಯ ಎದುರಿಗೇ ಅವನಿಗೆ ಪಾಠ ಮಾಡಿ ಬಂದಳು. ಅವನು ಅವಳ ಹಳೆಯ ವಿದ್ಯಾರ್ಥಿ. ಮಾರನೆಯ ದಿನ ಬೋರ್ಡಿಗೆ ಒತ್ತು ಬಂತು, ಬೇರೆ ಬಣ್ಣದಲ್ಲಿ.

ತಪ್ಪು ಅಕ್ಷರಕ್ಕಿಂತ ಅವಳಿಗೆ ಆಗದೆ ಇದ್ದದ್ದು ಕೆಟ್ಟ ಮಾತು. ಬೈಗುಳವಿರಲಿ, ಸೊಂಟದಿಂದ ಕೆಳಗಿನ ಯಾವ ವ್ಯವಹಾರಕ್ಕೂ ಅವಳ ಬಾಯಲ್ಲಿ ಹೆಸರಿರಲಿಲ್ಲ. ಹೊಟ್ಟೆ ಕೆಟ್ಟರೆ ‘ಸ್ವಲ್ಪ ಸರಿಯಿಲ್ಲ’. ಮೂತ್ರಕ್ಕೆ ‘ಹೋಗಿ ಬಂದೆ’. ಇನ್ನೊಂದಕ್ಕೆ ‘ಹೊರಗೆ ಹೋಗುವುದು’. ಮನೆಯೊಳಗೇ ಟೈಲ್ಸು ಹಾಕಿದ ಬಚ್ಚಲು, ಕಕ್ಕಸು ಕಟ್ಟಿಸಿ ಎಷ್ಟೋ ವರ್ಷವಾಗಿತ್ತು, ಆದರೂ ನಾವೆಲ್ಲ ಹೊರಗೇ ಹೋಗುತ್ತಿದ್ದೆವು.

ಅವಳ ಅತ್ತೆ, ಅಂದರೆ ನಮ್ಮೆಲ್ಲರ ಅಜ್ಜಿ, ತದ್ವಿರುದ್ಧ. ಅಜ್ಜಿಯ ಬಾಯಿಗೆ ಬಾಗಿಲೂ ಇರಲಿಲ್ಲ, ಅಗುಳಿಯೂ ಇರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಅಂದುಬಿಡುತ್ತಿದ್ದಳು, ಅದೂ ಬೀದಿಗೆ ಕೇಳುವ ಹಾಗೆ. ದೊಡ್ಡಪ್ಪ ತೀರಿಕೊಂಡ ಮೇಲೂ ಅತ್ತೆ ಸೊಸೆ ಒಂದೇ ಸೂರಿನಡಿ ಇದ್ದರು. ಒಬ್ಬಳು ತಿದ್ದುವುದು, ಇನ್ನೊಬ್ಬಳು ತಿದ್ದಿದ್ದಕ್ಕೇ ಇನ್ನೂ ನಾಲ್ಕು ಸೇರಿಸಿ ಅನ್ನುವುದು. ಮಿಷನ್ ಆಸ್ಪತ್ರೆಯ ಔಷಧಿ ಕೌಂಟರಿನಲ್ಲಿ ನನಗೆ ಕೆಲಸ ಸಿಕ್ಕಿದ್ದರಿಂದ ನಾನೂ ಅವರ ಜೊತೆ ಇದ್ದೆ. ಇಬ್ಬರ ನಡುವೆ ಸಿಕ್ಕಿ ನನ್ನದು ಅಡಕತ್ತರಿಯ ಬಾಳು. ಆದರೂ ಆ ಮನೆ ನನಗೆ ಇಷ್ಟವಿತ್ತು, ಮುಖ್ಯವಾಗಿ ಅಜ್ಜಿಯಿಂದ.

ಆಸ್ಪತ್ರೆಗೆ ಸಮುದ್ರದಾಚೆಯಿಂದ ಒಬ್ಬ ಸಿಸ್ಟರು ಬಂದಿದ್ದಳು. ವಯಸ್ಸು ಐವತ್ತರ ಹತ್ತಿರ, ಬಾಗಿಲು ದಾಟುವಾಗ ತಲೆ ತಗ್ಗಿಸಬೇಕಾದಷ್ಟು ಎತ್ತರ, ಗಂಡಸರ ಅಳತೆಯ ಕರಿ ಬೂಟು. ನರ್ಸಿಂಗ್ ಕೆಲಸದಲ್ಲಿ ಎತ್ತಿದ ಕೈ. ಭಾಷೆ ಮಾತ್ರ ಸೊನ್ನೆ. ಅವಳಿಗೆ ಪಾಠ ಹೇಳಬೇಕೆಂದು ಆಸ್ಪತ್ರೆಯ ಮುಖ್ಯಸ್ಥೆ, ನಾವು ದೊಡ್ಡ ಸಿಸ್ಟರು ಅನ್ನುತ್ತಿದ್ದವರು, ನಮ್ಮ ಮನೆಗೇ ಬಂದು ದೊಡ್ಡಮ್ಮನನ್ನು ಕೇಳಿಕೊಂಡರು. ಅವರೂ ಒಂದು ಕಾಲಕ್ಕೆ ಹೊರಗಿನಿಂದ ಬಂದವರೇ, ಈಗ ನಮ್ಮ ಭಾಷೆಯನ್ನು ನಮಗಿಂತ ಚೊಕ್ಕವಾಗಿ ಆಡುತ್ತಿದ್ದರು.

“ಎರಡು ತಿಂಗಳು ನೋಡ್ತೀನಿ ಟೀಚರ್,” ಅಂದರು. “ಅಷ್ಟರಲ್ಲಿ ಹೆಂಗಸರ ವಾರ್ಡನ್ನ ಒಬ್ಬಳೇ ನಿಭಾಯಿಸೋ ಹಾಗಾದ್ರೆ ಇರ್ತಾಳೆ. ಇಲ್ಲದಿದ್ರೆ ವಾಪಸ್ ಕಳಿಸಬೇಕಾಗುತ್ತೆ. ಹಿಂದೆ ಇನ್ನೊಂದು ದೇಶದಿಂದ ಇವಳನ್ನ ಭಾಷೆ ಬರಲಿಲ್ಲ ಅಂತಾನೇ ಕಳಿಸಿದ್ರಂತೆ.”

ಸಿಸ್ಟರಿಗೂ ಇದು ಗೊತ್ತಿತ್ತು. ಎರಡನೆಯ ವಾರವೋ ಏನೋ, ಅಷ್ಟಿಷ್ಟು ಪದ ಕೂಡಿಸುವುದು ಬಂದ ಮೇಲೆ, ಅವಳು ದೊಡ್ಡಮ್ಮನಿಗೆ ತಾನಾಗಿ ಆಡಿದ ಮೊದಲ ಮಾತು ಅದೇ. “ಟೀಚರ್, ನಾನು ಇಲ್ಲಿ ಇಲ್ಲ ಆದರೆ, ಎಲ್ಲೂ ಇಲ್ಲ.” ದೊಡ್ಡಮ್ಮ ವ್ಯಾಕರಣ ತಿದ್ದಲಿಲ್ಲ. ಅವಳು ತಿದ್ದದೆ ಬಿಟ್ಟ ವಾಕ್ಯವನ್ನು ನಾನು ಕಂಡದ್ದು ಅದೊಂದೇ.

ಪಾಠ ನಮ್ಮ ನಡುಮನೆಯಲ್ಲಿ ನಡೆಯುತ್ತಿತ್ತು. ಶಾಲೆಯವರು ಬೀಳ್ಕೊಡುವಾಗ ಕೊಟ್ಟಿದ್ದ ಕಪ್ಪು ಹಲಗೆಯನ್ನು ಗೋಡೆಗೆ ಒರಗಿಸಿ, ಪಕ್ಕದಲ್ಲಿ ಗಂಜಿ ಹಾಕಿ ಇಸ್ತ್ರಿ ಮಾಡಿದ ಬಟ್ಟೆಯಲ್ಲಿ ದೊಡ್ಡಮ್ಮ, ಎದುರಿಗೆ ಮಣೆಯ ಮೇಲೆ ಮೊಣಕಾಲು ಗಲ್ಲಕ್ಕೆ ತಾಗುವ ಹಾಗೆ ಕೂತ ಸಿಸ್ಟರು. ಒಳಕೋಣೆಯ ಮಂಚದಿಂದ ಅಜ್ಜಿಯ ವ್ಯಾಖ್ಯಾನ. ಮೇಲೆ, ಕೆಳಗೆ, ಒಳಗೆ, ಹೊರಗೆ ಒಂದು ದಿನ. ಬಣ್ಣಗಳು ಒಂದು ದಿನ. ದೇಹದ ಭಾಗಗಳ ಪಾಠ ಬಂದಾಗ ನಾನೂ ಕುತೂಹಲದಿಂದ ಬಾಗಿಲ ಬಳಿ ನಿಂತಿದ್ದೆ. ತಲೆ, ಕಣ್ಣು, ಮೂಗು, ಕುತ್ತಿಗೆ, ಎದೆ, ಹೊಟ್ಟೆ ಎಂದು ಸರಾಗವಾಗಿ ಇಳಿದ ದೊಡ್ಡಮ್ಮನ ಕೋಲು ಹೊಟ್ಟೆಯಿಂದ ನೇರವಾಗಿ ಮೊಣಕಾಲಿಗೆ ಬಂತು.

“ನಡುವೆ ಏನೂ ಇಲ್ವೇನೇ?” ಅಂದಳು ಅಜ್ಜಿ ಒಳಗಿನಿಂದ. “ಪಾಪ, ಆ ಹುಡುಗಿ ನೋಡ್ಕೋಬೇಕಾಗಿರೋದೆಲ್ಲ ಅಲ್ಲೇ ಇದೆ.”

“ಅತ್ತೆ, ಪಾಠ ನಡೀತಿದೆ,” ಅಂದಳು ದೊಡ್ಡಮ್ಮ.

ಸಿಸ್ಟರಿಗೆ ಕಷ್ಟವಾದದ್ದು ‘ಳ’. ನಾಲಿಗೆ ಮಡಚಿ ಮೇಲಕ್ಕೆ ತಾಗಿಸುವ ವಿದ್ಯೆ ಐವತ್ತು ವರ್ಷದ ನಾಲಿಗೆಗೆ ಒಲಿಯಲೊಲ್ಲದು. ಗಾಳಿ ‘ಗಾಲಿ’ ಆಗುತ್ತಿತ್ತು, ಮಳೆ ‘ಮಲೆ’ ಆಗುತ್ತಿತ್ತು. ಇವೆಲ್ಲ ಹೇಗೋ ನಡೆಯುತ್ತವೆ. ನಡೆಯದೆ ಇದ್ದದ್ದು ‘ಹೇಳಿ’. ನರ್ಸಿಗೆ ದಿನಕ್ಕೆ ನೂರು ಸಲ ಬೇಕಾದ ಮಾತು ಅದು. ವಾರ್ಡಿನಲ್ಲಿ ಅವಳು ಮಂಚದಿಂದ ಮಂಚಕ್ಕೆ ಹೋಗಿ, ಕೈ ಹಿಡಿದು, ಕಣ್ಣಲ್ಲಿ ಕಣ್ಣಿಟ್ಟು, ತಾಯಿಯ ಹಾಗೆ ಕೇಳುತ್ತಿದ್ದಳು: “ಅಮ್ಮ, ಹೇಲಿ. ನಾಚಿಕೆ ಬೇಡ. ಹೇಲಿ.”

ಹೆಂಗಸರು ಹೊದಿಕೆಯನ್ನು ಮುಖದ ಮೇಲೆ ಎಳೆದುಕೊಂಡು ಕುಲುಕುಲು ನಗುತ್ತಿದ್ದರು. ಹೊಲಿಗೆ ಹಾಕಿಸಿಕೊಂಡವರು ಹೊಟ್ಟೆ ಹಿಡಿದುಕೊಂಡು ನಗು ತಡೆಯುತ್ತಿದ್ದರು. ನಗಿಸುವುದೂ ಸೇವೆಯೇ ಅಂದುಕೊಂಡು ಸಿಸ್ಟರೂ ನಗುತ್ತಿದ್ದಳು. ಹೀಗೆ ಅವಳಿಗೆ ‘ಹೇಲಿ ಸಿಸ್ಟರು’ ಎಂದು ಹೆಸರು ಬಿತ್ತು. ಅದು ತನ್ನ ದೇಶದ ಯಾವುದೋ ಹೆಸರಿನ ಹಾಗಿದೆ ಎಂದು ಅವಳಿಗೆ ಖುಷಿಯೇ ಆಗಿತ್ತು.

ಒಂದು ಬೆಳಿಗ್ಗೆ ಆಸ್ಪತ್ರೆಯ ಪ್ರಾರ್ಥನಾ ಕೋಣೆಯಲ್ಲಿ ಅವಳಿಗೆ ನಮ್ಮ ಭಾಷೆಯಲ್ಲಿ ಪ್ರಾರ್ಥಿಸುವ ಸರದಿ ಬಂತು. ಕೈ ಜೋಡಿಸಿ, ಕಣ್ಣು ಮುಚ್ಚಿ, ಮನಸ್ಸಿಟ್ಟು ಅಂದಳು: “ತಂದೆಯೇ, ನನಗೆ ದಾರಿ ಗೊತ್ತಿಲ್ಲ. ನೀನು ಹೇಲು.” ಅಡುಗೆಯವನಿಂದ ಹಿಡಿದು ಲ್ಯಾಬಿನವನ ತನಕ ಎಲ್ಲರಿಗೂ ಒಮ್ಮೆಲೇ ಕೆಮ್ಮು ಬಂತು. ನಾನು ಬೆಂಚಿನ ಕೆಳಗೆ ಬಿದ್ದ ಏನನ್ನೋ ಹುಡುಕತೊಡಗಿದೆ, ಬಿದ್ದದ್ದು ಏನೂ ಇರಲಿಲ್ಲ.

ಆ ದಿನವೇ ದೊಡ್ಡ ಸಿಸ್ಟರು ದೊಡ್ಡಮ್ಮನನ್ನು ಕರೆಸಿದರು. “ಆ ಒಂದು ಅಕ್ಷರ ಬೇಗ ಸರಿ ಮಾಡಿ ಟೀಚರ್. ರೋಗಿಗಳು ನಗ್ತಿದ್ರೆ ಅವಳ ಕೈಗೆ ವಾರ್ಡು ಕೊಡೋದು ಹೇಗೆ?” ಯಾವ ಅಕ್ಷರ, ಯಾಕೆ ಎಂದು ಅವರೂ ಬಾಯಿ ಬಿಡಲಿಲ್ಲ. ದೊಡ್ಡಮ್ಮನೂ ಕೇಳಲಿಲ್ಲ. ಮರ್ಯಾದಸ್ಥರು ಇಬ್ಬರು ಸೇರಿದರೆ ಹೀಗೇ, ಬಿಸಿ ತುಪ್ಪವನ್ನು ಒಬ್ಬರ ಬಾಯಿಂದ ಇನ್ನೊಬ್ಬರ ಬಾಯಿಗೆ ದಾಟಿಸುತ್ತಾರೆ.

“ದೊಡ್ಡಮ್ಮ, ಅವಳಿಗೆ ಅದರ ಅರ್ಥ ಬಿಡಿಸಿ ಹೇಳಿಬಿಡು,” ಅಂದೆ ನಾನು ಮನೆಯಲ್ಲಿ. “ಏನು ಅಂತಿದ್ದೀನಿ ಅಂತ ಗೊತ್ತಾದ್ರೆ ಒಂದೇ ದಿನಕ್ಕೆ ನಾಲಿಗೆ ತಿರುಗುತ್ತೆ.”

“ಮೂವತ್ತು ವರ್ಷ ಪಾಠ ಹೇಳಿದ್ದೀನಿ. ಆ ಪದ ನನ್ನ ಹಲಗೆ ಮೇಲೆ ಬಂದಿಲ್ಲ, ಬರೋದೂ ಇಲ್ಲ,” ಅಂದಳು. ಮಾರನೆಯ ದಿನದಿಂದ ತಾಳ, ಮೇಳ, ಬಾಳೆ, ನಾಳೆ ಎಂದು ಪಾಪದ ಸಿಸ್ಟರ ನಾಲಿಗೆಯನ್ನು ಇನ್ನಷ್ಟು ಗೋಳಾಡಿಸಿದಳು. ನನಗೆ ಸಿಟ್ಟು ಬಂತು. ಒಂದು ಮಾತಿನ ಮಡಿಗೆ ಒಬ್ಬಳ ಬದುಕೇ ಹೋಗಬೇಕೇ?

ಇನ್ನೇನು ಎರಡು ತಿಂಗಳು ತುಂಬಲು ಕೆಲವು ದಿನ ಇದೆ ಅನ್ನುವಾಗ ಅಜ್ಜಿ ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡಳು. ನಮ್ಮ ಆಸ್ಪತ್ರೆಗೇ ಸೇರಿಸಿದೆವು. ಮೊಣಕಾಲಿನ ತನಕ ಪ್ಲಾಸ್ಟರು, ನೋವಿಗೆ ಗಟ್ಟಿ ಮಾತ್ರೆ. ಸೇರಿಸುವ ದಿನ ದೊಡ್ಡಮ್ಮ ಮಂಚದ ಪಕ್ಕ ಕೂತು, ಪಿಸುಮಾತಿನಲ್ಲಿ ಕೈ ಮುಗಿದಳು.

“ಅತ್ತೆ, ಇಲ್ಲಿ ಎಲ್ಲರೂ ನನ್ನನ್ನ ಟೀಚರ್ ಅಂತಾರೆ. ಬಾಯಿಗೆ ಬಂದದ್ದು ಅಂದು ನನ್ನ ಮಾನ ಕಳೀಬೇಡಿ. ಸಿಸ್ಟರ ಹತ್ರ ಅಂತೂ ಆ ಥರದ ಮಾತು ಬೇಡ. ಈಗಲೇ ಅವರ ಮಾತಿಗೆ ವಾರ್ಡೆಲ್ಲ ನಗ್ತಿದೆ.”

“ಆಯ್ತು ಕಣೆ,” ಅಂದಳು ಅಜ್ಜಿ. “ಇನ್ನು ನೋಡು, ನಿನ್ನ ಪುಸ್ತಕದ ಹಾಗೆ ಮಾತಾಡ್ತೀನಿ.” ಅಜ್ಜಿಯ ಹಟ ನನಗೆ ಗೊತ್ತು. ಅವಳು ಒಪ್ಪಿಕೊಂಡಳೆಂದರೆ ನಾವು ಹೆದರಬೇಕು.

ಅದೇ ವಾರ ನಾನು ರಜೆ ಹಾಕಿ ನಮ್ಮಮ್ಮನ ಕಣ್ಣಿನ ಆಪರೇಷನ್ನಿಗೆ ಊರಿಗೆ ಹೋದೆ. ಅಲ್ಲಿ ಇರುವಾಗ ಇಲ್ಲಿ ನಡೆದದ್ದನ್ನು ಆಮೇಲೆ ಒಬ್ಬೊಬ್ಬರೂ ನನಗೆ ಒಪ್ಪಿಸಿದರು. ಹೆಂಗಸರ ವಾರ್ಡಿನ ಆಯಾ ಬಾಣಂತನಕ್ಕೆ ಹೋಗಿದ್ದಳು. ದೊಡ್ಡ ಸಿಸ್ಟರು ಇದೇ ಸರಿಯಾದ ಪರೀಕ್ಷೆ ಎಂದು, ವಾರ್ಡನ್ನು ಪೂರ್ತಿಯಾಗಿ ಹೇಲಿ ಸಿಸ್ಟರ ಕೈಗೇ ಕೊಟ್ಟರು. ಅವಳು ಬೆಳಿಗ್ಗೆಯಿಂದ ರಾತ್ರಿಯ ತನಕ ಗಾಣದೆತ್ತಿನ ಹಾಗೆ ದುಡಿದಳು.

ಮಾತ್ರೆಯ ಗುಣವೋ ಮಲಗಿದ್ದರ ಗುಣವೋ, ಅಜ್ಜಿಗೆ ಮಲ ಕಟ್ಟಿತು. ಎರಡನೆಯ ದಿನ ಸಿಸ್ಟರು ಬಂದು ಕೈ ಹಿಡಿದಾಗ ಅಜ್ಜಿ ಕೊಟ್ಟ ಮಾತಿನಂತೆ ಬಲು ಮರ್ಯಾದೆಯಿಂದ ಅಂದಳು: “ತಾಯಿ, ನಾನು ಇಲ್ಲಿಗೆ ಬಂದಾಗಿನಿಂದ ಹೊರಗೆ ಹೋಗಿಲ್ಲ.”

ಸಿಸ್ಟರ ಮುಖ ಅರಳಿತು. ಪ್ರತಿಯೊಂದು ಪದವೂ ಅವಳಿಗೆ ಅರ್ಥವಾಗಿತ್ತು! ಒಳಗೆ, ಹೊರಗೆ ಪಾಠವಾಗಿದ್ದವೇ ಅಲ್ಲವೇ? ಗಾಲಿಕುರ್ಚಿ ತಂದು, ಅಜ್ಜಿಯನ್ನು ಮಗುವಿನ ಹಾಗೆ ಎತ್ತಿ ಕೂರಿಸಿ, ಕಾಲಿಗೆ ದಿಂಬು ಕೊಟ್ಟು, ಆಸ್ಪತ್ರೆಯ ತೋಟಕ್ಕೆ ಕರೆದುಕೊಂಡು ಹೋದಳು. “ಹೂ,” ಅಂದಳು. “ಕೆಂಪು. ಅದು, ಹಲದಿ.”

“ಇದಲ್ಲ ತಾಯಿ, ಹೊರಗೆ, ಹೊರಗೆ,” ಅಂದಳು ಅಜ್ಜಿ. ಸಿಸ್ಟರು ಗೇಟಿನ ತನಕ ತಳ್ಳಿದಳು. “ಇನ್ನೂ ಹೊರಗಾ?” ಎಂದು ಕೇಳಿ ರಸ್ತೆಯನ್ನೂ ತೋರಿಸಿದಳು.

ಅಂದಿನಿಂದ ಬೆಳಿಗ್ಗೆ ಸಂಜೆ ಇದೇ ಸವಾರಿ. ವಾರ್ಡಿನ ಹೆಂಗಸರಿಗೆ ಅನುಮಾನ ಬರಲಿಲ್ಲ. ಅಜ್ಜಿ ಹೊರಗೆ ಹೋಗಬೇಕು ಅನ್ನುತ್ತಾಳೆ, ಸಿಸ್ಟರು ಕುರ್ಚಿಯಲ್ಲಿ ಕರೆದೊಯ್ಯುತ್ತಾಳೆ, ಬಚ್ಚಲಿಗೇ ಇರಬೇಕು ಎಂದುಕೊಂಡರು. ಮಂಚದ ಮೇಲೆ ಕೊಡುವ ಬೇಸಿನ್ನಿನಲ್ಲಿ ಮೂತ್ರ ಬರುತ್ತಿತ್ತು, ಹಾಗಾಗಿ ಸಿಸ್ಟರಿಗೂ ಅನುಮಾನವಿಲ್ಲ. ಸಂಜೆ ಬರುವ ದೊಡ್ಡಮ್ಮ ವಾರ್ಡಿನ ಬಾಗಿಲಲ್ಲೇ ಸಿಸ್ಟರನ್ನು ತಗ್ಗಿದ ದನಿಯಲ್ಲಿ ಕೇಳುತ್ತಿದ್ದಳು: “ಅತ್ತೆ ಹೊರಗೆ ಹೋದ್ರಾ?”

“ಹೋದರು, ಹೋದರು. ಎರಡು ಸಲ. ತುಂಬಾ ಚೆನ್ನಾಗಿ,” ಅನ್ನುತ್ತಿದ್ದಳು ಸಿಸ್ಟರು.

ದೊಡ್ಡಮ್ಮನಿಗೆ ಸಮಾಧಾನವಾಗುತ್ತಿತ್ತು. ಅಷ್ಟರ ಮೇಲೆ ವಿವರ ಕೇಳುವವಳಲ್ಲ. ಅಜ್ಜಿಯ ಹತ್ತಿರ ಬಂದು ಹೇಗಿದ್ದೀರಿ ಎಂದರೆ, “ನೀನು ಹೇಳಿಕೊಟ್ಟ ಹಾಗೇ ಇದ್ದೀನಿ,” ಎಂದು ಅಜ್ಜಿ ಗೋಡೆ ಕಡೆ ತಿರುಗಿಕೊಳ್ಳುತ್ತಿದ್ದಳಂತೆ.

ನಾನು ರಜೆ ಮುಗಿಸಿ ಬಂದ ದಿನ ಅಜ್ಜಿಗೆ ವಾಂತಿ ಶುರುವಾಗಿತ್ತು. ಹೊಟ್ಟೆ ತಮಟೆಯ ಹಾಗೆ ಬಿಗಿದಿತ್ತು. ಸುದ್ದಿ ತಿಳಿದು ದೊಡ್ಡಮ್ಮನೂ ಓಡಿ ಬಂದು ಮಂಚದ ಬಳಿ ನಿಂತಿದ್ದಳು. ಡಾಕ್ಟರು ಬೇರೆ ಊರಿನವರು, ವಾರಕ್ಕೆರಡು ಸಲ ಬರುವವರು, ನಮ್ಮ ಭಾಷೆಯಲ್ಲಿ ಅವರಿಗೆ ಬರುತ್ತಿದ್ದದ್ದು ‘ಬಾಯಿ ತೆಗಿ’ ಮತ್ತು ‘ಉಸಿರು ಎಳಿ’ ಎರಡೇ. ಹೊಟ್ಟೆ ಮುಟ್ಟಿ ನೋಡಿ ಅವರ ಮುಖ ಗಂಭೀರವಾಯಿತು. ಕರುಳು ತಿರುಚಿಕೊಂಡಿರಬಹುದು, ಪಟ್ಟಣದ ದೊಡ್ಡ ಆಸ್ಪತ್ರೆಗೆ ಸಾಗಿಸಬೇಕು, ಅಲ್ಲಿ ಹೊಟ್ಟೆ ಕೊಯ್ಯಬೇಕಾದೀತು ಎಂದರು. ಆ ವಯಸ್ಸಿಗೆ, ಆ ರಸ್ತೆಯಲ್ಲಿ, ಆ ಹೊಟ್ಟೆ ಹೊತ್ತುಕೊಂಡು ಹೋದರೆ ಅಜ್ಜಿ ತಿರುಗಿ ಬರುವುದಿಲ್ಲ ಎಂದು ನನಗೆ ಖಾತ್ರಿಯಿತ್ತು.

ಡಾಕ್ಟರು, ಹೊಟ್ಟೆಯ ವಿಷಯ ಅಜ್ಜಿಯಿಂದಲೇ ಕೇಳಿ ತಿಳಿದುಕೊಳ್ಳಿ ಎಂದು ಸಿಸ್ಟರಿಗೆ ಇಂಗ್ಲಿಷಿನಲ್ಲಿ ಹೇಳಿ ಗಾಡಿಗೆ ಫೋನು ಮಾಡಲು ಆಫೀಸಿಗೆ ಹೋದರು. ಸಿಸ್ಟರಿಗೆ ಕೇಳಬೇಕಾದದ್ದು ಗೊತ್ತು, ಕೇಳುವ ಪದ ಗೊತ್ತಿಲ್ಲ. ಹೊಟ್ಟೆಗೂ ಮೊಣಕಾಲಿಗೂ ನಡುವಿನ ಪಾಠ ಆಗಿರಲೇ ಇಲ್ಲವಲ್ಲ. ಅವಳು ಮಂಚದ ಪಕ್ಕ ಮೊಣಕಾಲೂರಿ, ಅಜ್ಜಿಯ ಕೈಯನ್ನು ಎರಡೂ ಕೈಯಲ್ಲಿ ಹಿಡಿದಳು. ಕಣ್ಣಲ್ಲಿ ನೀರಿತ್ತು.

“ಅಜ್ಜಿ, ಹೊಟ್ಟೆ ಒಳಗೆ ಏನು? ಹೇಲಿ. ದಯಮಾಡಿ ಹೇಲಿ.”

ಅಜ್ಜಿ ಅಷ್ಟು ನೋವಿನಲ್ಲೂ ಕಣ್ಣು ಬಿಟ್ಟಳು. ಕೊಟ್ಟ ಮಾತಿನ ಗಡುವು ಅಲ್ಲಿಗೆ ಮುಗಿಯಿತು.

“ಬಂದ್ರೆ ಹೇಲದೆ ಇರ್ತೀನೇನೇ ನನ್ನಮ್ಮ? ಬಂದಾಗಿನಿಂದ ಹೊರಗೆ ಹೋಗಿಲ್ಲ, ಹೋಗಿಲ್ಲ ಅಂತ ಬಾಯಿ ಬಡ್ಕೊಳ್ತಿದ್ದೀನಿ, ನೀನು ಕುರ್ಚಿ ಮೇಲೆ ಕೂರಿಸ್ಕೊಂಡು ಹೂವು ತೋರಿಸ್ತೀಯ. ಹೂವು ನೋಡಿದ್ರೆ ಬರುತ್ತಾ ಅದು?”

ವಾರ್ಡು ಗೊಳ್ಳೆಂದು ನಕ್ಕಿತು. ಮರುಕ್ಷಣ ಎಲ್ಲರಿಗೂ ವಿಷಯ ಹೊಳೆದು ನಗು ಅಲ್ಲಲ್ಲೇ ನಿಂತಿತು. ಸಿಸ್ಟರಿಗೆ ಮಾತ್ರ ಏನೂ ತಿಳಿಯಲಿಲ್ಲ. ಅವಳು ದೊಡ್ಡಮ್ಮನ ಮುಖ ನೋಡಿದಳು. ಮಂಚದ ಆ ಬದಿಗೆ ನಿಂತಿದ್ದ ದೊಡ್ಡಮ್ಮನ ಮುಖ ಸುಣ್ಣ ಬಳಿದ ಹಾಗಿತ್ತು.

“ಸಿಸ್ಟರ್, ಅದು... ಮೋಷನ್,” ಅಂದಳು.

ಸಿಸ್ಟರ ಇಂಗ್ಲಿಷೂ ಕಲಿತ ಇಂಗ್ಲಿಷೇ. “ಮೋಷನ್? ಹೌದು,” ಅಂದಳು ಗಾಬರಿಯಲ್ಲಿ, ಗಾಲಿಕುರ್ಚಿ ತೋರಿಸಿ. “ದಿನಾ ಮೋಷನ್.”

ನಾನು ಬಾಯಿ ತೆಗೆಯುವಷ್ಟರಲ್ಲಿ ದೊಡ್ಡಮ್ಮ ಮಂಚ ಸುತ್ತಿ ಈಚೆಗೆ ಬಂದಿದ್ದಳು. ಸೀರೆಯನ್ನು ಎರಡು ಕೈಯಲ್ಲಿ ಎತ್ತಿ ಹಿಡಿದು, ಹನ್ನೆರಡು ಮಂಚದ ವಾರ್ಡಿನ ನಟ್ಟನಡುವೆ, ಅವಳಲ್ಲಿ ಓದಿದ ಮೂವರು ಹೆಂಗಸರು ನೋಡುತ್ತಿದ್ದಂತೆ, ಕುಕ್ಕರಗಾಲಿನಲ್ಲಿ ಕೂತಳು. ಮುಖ ಬಿಗಿದು ತಿಣುಕಿದಳು. ಆಮೇಲೆ ಕೊನೆಯ ಬೆಂಚಿಗೂ ಕೇಳುವ ತನ್ನ ಶಾಲೆಯ ದನಿಯಲ್ಲಿ, ಬಿಡಿಸಿ ಬಿಡಿಸಿ ಅಂದಳು:

“ಹೇಲು. ಅತ್ತೆಗೆ ಹೇಲು ಬಂದಿಲ್ಲ. ಸೇರಿದಾಗಿನಿಂದ ಬಂದಿಲ್ಲ.”

ಯಾರೂ ನಗಲಿಲ್ಲ. ಸಿಸ್ಟರು ಕೂತವಳನ್ನು ನೋಡಿದಳು, ಅಜ್ಜಿಯ ಹೊಟ್ಟೆ ನೋಡಿದಳು, ಗಾಲಿಕುರ್ಚಿ ನೋಡಿದಳು. ಅವಳಿಗೆ ಎರಡೂ ಒಟ್ಟಿಗೇ ಅರ್ಥವಾದದ್ದು ನನಗೆ ಅವಳ ಮುಖದಲ್ಲೇ ಕಂಡಿತು: ಅಜ್ಜಿಗೆ ಏನಾಗಿದೆ ಅನ್ನುವುದು, ಮತ್ತು ತಾನು ಇಷ್ಟು ದಿನ ಊರಿನವರಿಗೆಲ್ಲ, ದೇವರಿಗೂ ಸೇರಿಸಿ, ಏನು ಮಾಡಲು ಹೇಳುತ್ತಿದ್ದೆ ಅನ್ನುವುದು. ಕಿವಿಯ ತನಕ ಕೆಂಪಾದಳು. ಆದರೆ ಕೆಂಪಾಗಿ ನಿಲ್ಲಲಿಲ್ಲ. ಆಫೀಸಿಗೆ ಓಡಿ ಡಾಕ್ಟರಿಗೆ ಹೇಳಿ, ಎನಿಮಾ ಡಬ್ಬ ಹಿಡಿದು ಓಡಿ ಬಂದು, ಮಂಚದ ಸುತ್ತ ಪರದೆ ಎಳೆದಳು.

ಗಾಡಿ ಬಂದು ಗೇಟಿನಲ್ಲಿ ನಿಂತಿತ್ತು. ಕತ್ತಲಾಗುವ ಮೊದಲೇ ಅದನ್ನು ತಿರುಗಿ ಕಳಿಸಿದರು. ಪರದೆಯ ಒಳಗೆ ನಡೆದದ್ದು ಬೇಡ. ಅದೆಲ್ಲ ಮುಗಿದ ಮೇಲೆ ಅಜ್ಜಿ ಕುಡಿಯಲು ನೀರು ಕೇಳಿದಳು, ಆಮೇಲೆ ಊಟ ಕೇಳಿದಳು. ನಾನು ಕೌಂಟರಿನ ಹಿಂದೆ ಕೂತು ಚೆನ್ನಾಗಿ ಅತ್ತುಬಿಟ್ಟೆ.

ಮಾರನೆಯ ದಿನ ದೊಡ್ಡ ಸಿಸ್ಟರು ಎಲ್ಲರನ್ನೂ ತಮ್ಮ ಕೋಣೆಗೆ ಕರೆಸಿದರು. ಎರಡು ತಿಂಗಳೂ ತುಂಬಿತ್ತು. ಸಿಸ್ಟರು ಬೂಟಿನ ತುದಿ ನೋಡುತ್ತ ನಿಂತಿದ್ದಳು. ಪೆಟ್ಟಿಗೆ ಕಟ್ಟಿ ಮುಗಿಸಿಯೇ ಬಂದಿದ್ದಾಳೆಂದು ಅಡುಗೆಯವನು ನನಗೆ ಹೇಳಿದ್ದ.

“ರೋಗಿ ಬಾಯಿ ಬಿಟ್ಟು ಹೇಳಿದ್ದಾರೆ. ಇವಳಿಗೆ ಅರ್ಥ ಆಗಿಲ್ಲ. ಜೀವ ಹೋಗ್ತಿತ್ತು,” ಅಂದರು ದೊಡ್ಡ ಸಿಸ್ಟರು. “ನೀವೇ ಹೇಳಿ ಟೀಚರ್. ಪಾಸೋ ಫೇಲೋ?”

ದೊಡ್ಡಮ್ಮ ಎಂದೂ ಯಾರಿಗೂ ಸುಮ್ಮನೆ ಅರ್ಧ ಅಂಕ ಕೊಟ್ಟವಳಲ್ಲ. “ಫೇಲೇ,” ಅಂದಳು. “ಆದರೆ ಪಾಠ ಮಾಡದೆ ಇರೋದರ ಮೇಲೆ ಪ್ರಶ್ನೆ ಕೇಳಿದ್ರೆ ಮಕ್ಕಳೇನು ಮಾಡ್ತಾರೆ? ನನ್ನ ಮಾನ ದೊಡ್ಡದಾಯ್ತು, ಅತ್ತೆ ಜೀವ ಸಣ್ಣದಾಯ್ತು. ಕಳಿಸೋದಾದ್ರೆ ನನ್ನನ್ನ ಮನೆಗೆ ಕಳಿಸಿ. ಇವರನ್ನಲ್ಲ.”

ತಾವೂ ಆ ಪದವನ್ನು ದಾಟಿಸಿದವರೇ ಎಂಬುದು ದೊಡ್ಡ ಸಿಸ್ಟರಿಗೆ ನೆನಪಾಗಿರಬೇಕು. ಸಿಸ್ಟರ ಕಡೆ ತಿರುಗಿ, “ಈಗ ಹೇಳು. ಹೊರಗೆ ಅಂದ್ರೆ ಏನು?” ಅಂದರು.

ಸಿಸ್ಟರು ಯೋಚಿಸಿದಳು. “ಹೊರಗೆ ಅಂದರೆ,” ಅಂದಳು, “ಬಾತ್‌ರೂಮು ಒಳಗೆ.”

ದೊಡ್ಡ ಸಿಸ್ಟರು ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡರು. ಭುಜ ಕುಲುಕುವುದನ್ನು ಮುಚ್ಚಲಾಗಲಿಲ್ಲ. “ಹೋಗು, ವಾರ್ಡಿನಲ್ಲಿ ಕೆಲಸ ಬಿದ್ದಿದೆ,” ಅಂದರು.

ಅಜ್ಜಿ ಮನೆಗೆ ಬಂದ ಮೇಲೆ ಪಾಠ ಮತ್ತೆ ಶುರುವಾಯಿತು. ದೊಡ್ಡಮ್ಮ ಎಂದಿನ ಹಾಗೆ ಇಸ್ತ್ರಿ ಮಾಡಿದ ಬಟ್ಟೆಯಲ್ಲಿ ಹಲಗೆಯ ಪಕ್ಕ ನಿಂತಳು. ಹೊಸ ಸೀಮೆಸುಣ್ಣ ತೆಗೆದು, ತನ್ನ ಮುತ್ತು ಪೋಣಿಸಿದಂಥ ಅಕ್ಷರದಲ್ಲಿ ಎರಡು ಪದ ಬರೆದಳು. ಎಡಗಡೆ ‘ಹೇಳು’. ಬಲಗಡೆ ‘ಹೇಲು’. ಕೋಲಿನಿಂದ ಮೊದಲನೆಯದನ್ನು ತೋರಿಸಿ ಗಟ್ಟಿಯಾಗಿ ಓದಿದಳು. ಎರಡನೆಯದನ್ನು ತೋರಿಸಿ, ಒಂದು ಸಲ ಉಗುಳು ನುಂಗಿ, ಅದಕ್ಕಿಂತ ಗಟ್ಟಿಯಾಗಿ ಓದಿದಳು.

“ಹೇಳು,” ಅಂದಳು ಸಿಸ್ಟರು. ನಾಲಿಗೆ ಸರಿಯಾಗಿ ಮಡಚಿತ್ತು.

ಒಳಕೋಣೆಯ ಮಂಚ ಕಿರುಗುಟ್ಟಿತು.

“ಅಂತೂ ಇಷ್ಟು ವರ್ಷಕ್ಕೆ,” ಅಂದಳು ಅಜ್ಜಿ, “ನನ್ನ ಸೊಸೆ ಬಾಯಲ್ಲಿ ಒಂದು ಒಳ್ಳೇ ಮಾತು ಬಂತು.”